ಜೇಕು ಬೆಳೆಯುವ ಜಾಗ ಪಾಳುಭೂಮಿಯಲ್ಲ

ಜೋರು ಮಳೆ ಬಂದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ತೋಡಾಗುತ್ತದೆ. 2018ರ ಮೇ 29ರಂದಂತೂ ನಗರದ ಎಷ್ಟೋ ಮನೆ, ಅಂಗಡಿಗಳಿಗೆ ನೀರು ನುಗ್ಗಿತ್ತು. ಪ್ರತಿ ಸಲ ಬೈಸಿಕೊಳ್ಳುವುದು ಚರಂಡಿ. ಹೂಳು ತೆಗೆಯಲೇಬೇಕು, ಸರಿ. ಆದರೆ ಮೊದಲು ಈ ನೀರು ನಿಲ್ಲುತ್ತಿದ್ದ ಜಾಗ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಆ ಜಾಗಕ್ಕೆ ಒಂದು ಗುರುತಿದೆ: ಜೇಕು. ನೋಡಲು ಹುಲ್ಲು, ಆದರೆ ಹುಲ್ಲಿನ ಕುಟುಂಬವಲ್ಲ. ದಂಟನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ತೋಟದಲ್ಲಿ ಕಿತ್ತಷ್ಟೂ ಬರುವ ಕೊನ್ನಾರಿ ಗಡ್ಡೆಯೂ ಇದೇ ಬಳಗ. ಅದರ ಮೇಲೆ ರೈತರ ಸಿಟ್ಟು ನ್ಯಾಯವೇ. ನಾನು ಹೇಳುತ್ತಿರುವುದು ಅಳಿವೆಯ ಉಪ್ಪುನೀರಿನ ಕೆಸರಲ್ಲಿ, ಬೈಲಿನ ಜೌಗಿನಲ್ಲಿ ತಾನಾಗಿ ಬೆಳೆಯುವ ಕಾಡು ಜೇಕಿನ ಬಗ್ಗೆ. ಕೆಸರಿನೊಳಗೆ ಗಾಳಿ ಇರುವುದಿಲ್ಲ. ಈ ಗಿಡ ತನ್ನೊಳಗಿನ ಸಣ್ಣ ಗಾಳಿಗೂಡುಗಳ ಮೂಲಕ ಬೇರಿಗೆ ಉಸಿರು ಕಳಿಸುತ್ತದೆ. ಬೇರಿನ ಜಾಲ ಮಣ್ಣು ಹಿಡಿಯುತ್ತದೆ, ದಂಟುಗಳು ನೀರಿನ ಓಟ ತಗ್ಗಿಸುತ್ತವೆ. ಹುಂಡುಕೋಳಿಗೆ ಅಡಗುವ ಜಾಗವೂ ಅದೇ.

ಇಂಥ ಜಾಗಕ್ಕೆ ಸರಕಾರ ಇಟ್ಟ ಹೆಸರೇನು? ಕೇಂದ್ರದ ಪಾಳುಭೂಮಿ ನಕಾಶೆ ಪುಸ್ತಕದಲ್ಲಿ ಜೌಗು ಭೂಮಿಯೂ ಒಂದು ಬಗೆಯ ಪಾಳು! 2017ರ ತೇವಭೂಮಿ ನಿಯಮಗಳು ಭತ್ತದ ಗದ್ದೆಯನ್ನು ತೇವಭೂಮಿಯ ಲೆಕ್ಕದಿಂದಲೇ ಹೊರಗಿಟ್ಟಿವೆ. ಹಾಗಾದರೆ ಬೇಸಾಯ ಬಿಟ್ಟು ಜೇಕು ತುಂಬಿದ ಗದ್ದೆಗೆ ದಿಕ್ಕು ಯಾರು? ಗುಡ್ಡ ಅಗೆದ ಕೆಂಪು ಮಣ್ಣಿನ ಟಿಪ್ಪರ್ ಬರುತ್ತದೆ, ಬೈಲು ಸೈಟಾಗುತ್ತದೆ.

ತಲಪಾಡಿ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿ ಗದ್ದೆ, ತೇವಭೂಮಿ ತುಂಬುವುದನ್ನು ತಡೆಯಲೆಂದೇ ಕೇರಳ 2008ರಲ್ಲಿ ಕಾಯ್ದೆ ಮಾಡಿದೆ. 2018ರ ತಿದ್ದುಪಡಿ ಅದನ್ನು ಸಡಿಲಗೊಳಿಸಿತು, ನಿಜ. ಆದರೂ ಕಾಯ್ದೆ ಎಂದು ಒಂದಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆಯೇ ಇಲ್ಲ. ಭೂಪರಿವರ್ತನೆಯ ಕಾಗದ ಸಿಕ್ಕರೆ ಮುಗಿಯಿತು. ಮಳೆ ಎರಡೂ ಕಡೆ ಒಂದೇ ತಾನೇ?

'ಊರು ಬೆಳೆಯುವುದು ಬೇಡವೇ' ಎನ್ನುವವರಿದ್ದಾರೆ. ಬೆಳೆಯಲಿ. ಆದರೆ ತಗ್ಗಿನಲ್ಲಿ ಮಣ್ಣು ತುಂಬಿ ಮನೆ ಎತ್ತರಿಸಿದರೆ ನೀರು ಮಾಯವಾಗುವುದಿಲ್ಲ, ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಸೈಟು ಮಾರಿದವರಿಗೆ ಹಣ, ಪಕ್ಕದ ಮನೆಯವರಿಗೆ ನೀರು. ಇದನ್ನು ಅಭಿವೃದ್ಧಿ ಎನ್ನಬೇಕೇ?

ಇದು ಪೇಟೆಯ ಕತೆ, ನಮಗೇನು ಅನ್ನಬೇಡಿ. ಪೇಟೆ ನಮ್ಮ ಬೈಲಿನತ್ತ ಬರುತ್ತಿದೆ. ನಮ್ಮ ಕೈಯಲ್ಲೂ ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಜಾಗಗಳ ದಾಖಲಾತಿ ಪುಸ್ತಕವೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ಕೇಳಿ. ಜೇಕು ಬೆಳೆಯುವ ಜೌಗು, ನೀರು ಹರಿಯುವ ತೋಡು ಅದರಲ್ಲಿ ಇವೆಯೇ ನೋಡಿ, ಇಲ್ಲದಿದ್ದರೆ ಬರೆಸಿ. ಬರೆಸಿದ ಮಾತ್ರಕ್ಕೆ ಟಿಪ್ಪರ್ ನಿಲ್ಲದು. ಆದರೆ 'ಇಲ್ಲಿ ಏನೂ ಇರಲಿಲ್ಲ, ಬರೀ ಪಾಳು' ಎಂದು ಹೇಳಲು ಯಾರಿಗೂ ಆಗದು.