ಏಳು ಸಾವಿರ ಎಕರೆಯ ಊರು, ಏಳು ಗಂಟೆಗೆ ಬಾರದ ಬಸ್ಸು

ಈ ವಾರ ಟಿ.ವಿ. ಚರ್ಚೆಯೊಂದರಲ್ಲಿ ನಗರ ಯೋಜನೆಯ ತಜ್ಞರೊಬ್ಬರು ಬಿಡದಿಯ ಬಗ್ಗೆ ಮಾತಾಡುತ್ತಾ, ‘ರೈತರ ಮಕ್ಕಳು ಇನ್ನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರಬೇಕಿಲ್ಲ, ಕೆಲಸವೇ ಅವರ ಹೊಲಕ್ಕೆ ಬರುತ್ತದೆ’ ಎಂದರು. ನಿರೂಪಕಿ ಅಪರೂಪಕ್ಕೆ ಒಳ್ಳೆಯ ಪ್ರಶ್ನೆ ಕೇಳಿದರು: ‘ಎಐ ಸಿಟಿಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೆ ಏನು ಕೆಲಸ ಸಾರ್?’ ತಜ್ಞರು ಟೈ ಸರಿಮಾಡಿಕೊಂಡು ‘ಸರ್ವಿಸ್ ಸೆಕ್ಟರ್’ ಎಂದರು. ನಾನು ಟಿ.ವಿ. ಆರಿಸಿದೆ. ಸಿಟ್ಟು ಆರಲಿಲ್ಲ.

ಎಐ ಸಿಟಿ ಎಂದೂ ಕರೆಯುವ ಬಿಡದಿ ಟೌನ್‌ಶಿಪ್ ಯೋಜನೆಯ ಕತೆ ನಿಮಗೆ ಗೊತ್ತೇ ಇದೆ. 2006ರಲ್ಲಿ ಹುಟ್ಟಿ, ಮಲಗಿ, ಈಗ ‘ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್’ ಎಂಬ ಉದ್ದನೆಯ ಹೆಸರಿಟ್ಟುಕೊಂಡು ಎದ್ದು ಕೂತಿದೆ. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಒಂಬತ್ತು ಹಳ್ಳಿ, ಏಳು ಸಾವಿರಕ್ಕೂ ಹೆಚ್ಚು ಎಕರೆ. ಅಂದು ತಂದವರ ಪಕ್ಷ ಇಂದು ವಿರೋಧಿಸುತ್ತಿದೆ. ಇಂದು ತರುತ್ತಿರುವವರು ‘ಇದು ಅವರದೇ ಕೂಸು’ ಅನ್ನುತ್ತಿದ್ದಾರೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಭೂಸ್ವಾಧೀನದ ವಿರುದ್ಧ ಮೂರು ವರ್ಷ ಧರಣಿ ಕೂತ ರೈತರಿಗೆ 2025ರ ಜುಲೈನಲ್ಲಿ ಸರ್ಕಾರ ಮಣಿಯಿತು. ಮಣಿದ ಸುದ್ದಿ ಹೊರಬಿದ್ದದ್ದೇ ತಡ, ಆಂಧ್ರದ ಸಚಿವ ನಾರಾ ಲೋಕೇಶ್ ‘ನಮ್ಮಲ್ಲಿಗೆ ಬನ್ನಿ, ಜಮೀನು ರೆಡಿ ಇದೆ’ ಎಂದು ಉದ್ಯಮಿಗಳನ್ನು ಕರೆದರು. ನಮ್ಮವರಿಗೆ ಅವಮಾನವಾಯಿತಂತೆ. ಎಲ್ಲರ ಬಾಯಲ್ಲೂ ಅದೇ ಮಾತು: ಜಮೀನು ಕೊಡದಿದ್ದರೆ ಕೆಲಸ ಎಲ್ಲಿಂದ ಬರಬೇಕು?

ಜಮೀನು ಕೊಟ್ಟವರಿಗೆ ಕೆಲಸ ಬಂದಿದೆಯೇ, ಅದನ್ನು ಮೊದಲು ಹೇಳಿ.

ಡಾಬಸ್‌ಪೇಟೆ ಕಡೆ ಕಾರ್ಖಾನೆಗಳಿಗೆ ಆಳು ಪೂರೈಸುವ ಗುತ್ತಿಗೆದಾರರೊಬ್ಬರು ನನಗೆ ಪರಿಚಯ. ಒಳ್ಳೆಯ ಮನುಷ್ಯ, ಮುಚ್ಚುಮರೆ ಇಲ್ಲದವರು. ಕೇಳಿದ್ದಕ್ಕೆ ನೇರವಾಗಿಯೇ ಹೇಳಿದರು: ‘ಲೋಕಲ್ ಹುಡುಗ್ರು ನನಗೆ ಬ್ಯಾಡ ಸಾರ್. ಹಬ್ಬ ಅಂತಾರೆ, ಜಾತ್ರೆ ಅಂತಾರೆ, ದೊಡ್ಡಪ್ಪ ತೀರ್ಕೊಂಡ್ರು ಅಂತಾರೆ. ಒಬ್ಬನ್ನ ಬೈದ್ರೆ ಇಡೀ ಊರು ಗೇಟಿಗೆ ಬರುತ್ತೆ. ಹೊರಗಿನೋರು ಶೆಡ್ಡಲ್ಲೇ ಮಲಗ್ತಾರೆ, ಎಲ್ಲಿಗೂ ಹೋಗಲ್ಲ.’ ಊರಲ್ಲಿ ಬೇರಿದ್ದವನು ಕಾರ್ಖಾನೆಗೆ ಬೇಡದವನು. ಹೀಗಿರುವಾಗ ಹಳ್ಳಿಯ ಪಕ್ಕದಲ್ಲೇ ಕಾರ್ಖಾನೆ ಬಂದರೆ ಹಳ್ಳಿಗೆ ಕೆಲಸ ಬಂತು ಎಂಬ ಲೆಕ್ಕ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ. ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಗುಡುಗಿದರು, ಸರ್ಕಾರ ಅದನ್ನು ಎತ್ತಿ ಅಟ್ಟದ ಮೇಲಿಟ್ಟಿತು. ಎಲ್ಲವೂ ಮುಗಿಯಲು ಒಂದು ವಾರವೂ ಬೇಕಾಗಲಿಲ್ಲ. ಕನ್ನಡಿಗರಿಗೆ ಕೆಲಸ ಕೊಡಿ ಎಂದ ಮಹಿಷಿ ವರದಿಯ ಹೆಸರನ್ನು ಮಾತ್ರ ಪ್ರತಿ ನವೆಂಬರ್‌ನಲ್ಲೂ ತಪ್ಪದೆ ತೆಗೆಯುತ್ತೇವೆ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಬರೆಯುವುದೇ ಇಲ್ಲ. ಹೊಸ ಊರಿನಲ್ಲಿ ಇಷ್ಟು ಲಕ್ಷ ಉದ್ಯೋಗ ಹುಟ್ಟುತ್ತದೆ ಎಂದು ಬಣ್ಣದ ಪುಸ್ತಕದಲ್ಲಿ ಅಚ್ಚಾಗುತ್ತದೆ. ಅಲ್ಲಿ ಈಗಾಗಲೇ ಇರುವ ಎಷ್ಟು ಕೆಲಸ ಹೋಗುತ್ತದೆ ಎನ್ನುವುದಕ್ಕೆ ಒಂದು ಕಾಲಂ ಕೂಡ ಇರುವುದಿಲ್ಲ. ಬೈರಮಂಗಲ ಕೆರೆಗೆ ಬೆಂಗಳೂರಿನ ವೃಷಭಾವತಿ ಇಷ್ಟು ವರ್ಷ ಕೊಟ್ಟಿದ್ದು ನೊರೆನೀರು. ಆ ನೊರೆನೀರಿನ ಕೆಳಗೂ ಜನ ಹುಲ್ಲು ಬೆಳೆದರು, ಹಸು ಕಟ್ಟಿದರು, ತೆಂಗು ಉಳಿಸಿಕೊಂಡರು, ಹಿಪ್ಪುನೇರಳೆ ಸೊಪ್ಪು ಕೊಯ್ದರು. ಹತ್ತಿರದ ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಊರೂರಿಗೆ ಡೈರಿ. ಬೆಳಿಗ್ಗೆ ಐದೂವರೆಗೆ ಕ್ಯಾನು ಹಿಡಿದು ಡೈರಿ ಮುಂದೆ ನಿಲ್ಲುವ ಹೆಂಗಸು ಆ ಬಣ್ಣದ ಪುಸ್ತಕದ ಲೆಕ್ಕದಲ್ಲಿ ‘ಉದ್ಯೋಗಿ’ ಅಲ್ಲ. ಅವಳ ಹಸು ಮಾರಿಹೋದ ದಿನ ನಿರುದ್ಯೋಗವೂ ಹೆಚ್ಚುವುದಿಲ್ಲ!

ಜಮೀನು ಕಿತ್ತುಕೊಳ್ಳದೆ ಬಾಡಿಗೆಗೆ ಪಡೆದ ಮಾದರಿಯೂ ನಮ್ಮಲ್ಲೇ ಇದೆ ಅನ್ನುತ್ತಾರೆ. ಇದೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರಗಾಲದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ, ಪಡೆದವರನ್ನು ಕಂಡು ನನಗೆ ಸಂತೋಷವೇ. ಆದರೆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದವರ ಹೆಸರಲ್ಲಿ ಪಹಣಿ ಎಲ್ಲಿತ್ತು? ಅವರಿಗೆ ಉಳಿದದ್ದು ಫಲಕದ ಕೆಳಗಿನ ಹುಲ್ಲು ಕೊಯ್ಯುವ, ಧೂಳು ಒರೆಸುವ, ರಾತ್ರಿ ಕಾವಲು ಕಾಯುವ ಕೆಲಸ, ಅದೂ ಕೆಲವರಿಗೆ.

ಹಾಗಾದರೆ ಊರು ಕಟ್ಟಿದರೆ ಹಳ್ಳಿಗೆ ಕೆಲಸ ಸಿಗುವುದೇ ಇಲ್ಲವೇ? ಸಿಗುತ್ತದೆ. ಯಾವ ಊರು ಎನ್ನುವುದರ ಮೇಲೆ ನಿಂತಿದೆ. 2011ರ ಜನಗಣತಿಯಲ್ಲಿ ಬೆಂಗಳೂರು 84 ಲಕ್ಷ, ಎರಡನೆಯ ಸ್ಥಾನದ ಹುಬ್ಬಳ್ಳಿ-ಧಾರವಾಡ ಒಂಬತ್ತು ಲಕ್ಷ ಚಿಲ್ಲರೆ. ನಡುವೆ ಏನೂ ಇಲ್ಲ, ಬಯಲು. ಇಷ್ಟು ದೊಡ್ಡ ತಲೆಗೆ ಮತ್ತೊಂದು ಪೇಟ ಸುತ್ತಿ ಅದಕ್ಕೆ ‘ವಿಕೇಂದ್ರೀಕರಣ’ ಎಂದು ಹೆಸರಿಡುತ್ತೇವೆ. ಬಿಡದಿ, ದೊಡ್ಡಬಳ್ಳಾಪುರ ಕಡೆಯ ಕ್ವಿನ್ ಸಿಟಿ, ಎಲ್ಲವೂ ಬೆಂಗಳೂರಿನಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ. ಟ್ರಾಫಿಕ್ ಇಲ್ಲದಿದ್ದರೆ, ಅಂತ ಸೇರಿಸಿಕೊಳ್ಳಿ.

ಬ್ಯಾಡಗಿಗೆ ಹೋಗಿ ನೋಡಿ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಹಾವೇರಿ ಜಿಲ್ಲೆಯ ಕಾಯಿ ಅಷ್ಟೇ ಅಲ್ಲ, ಬಳ್ಳಾರಿ, ರಾಯಚೂರಿನ ಕಾಯಿ, ಆಂಧ್ರದ ಕಾಯಿ ಲಾರಿಗಟ್ಟಲೆ ಬಂದು ಬೀಳುತ್ತದೆ. ಕಾಯಿ ಬಂದರೆ ಹಮಾಲರಿಗೆ ಕೆಲಸ, ಚೀಲ ಹೊಲಿಯುವವರಿಗೆ ಕೆಲಸ, ಕೋಲ್ಡ್ ಸ್ಟೋರೇಜ್‌ಗೆ ಕೆಲಸ, ಖಾರದ ಪುಡಿ ಮಿಲ್ಲಿಗೆ ಕೆಲಸ, ಲಾರಿ ರಿಪೇರಿಯವನಿಗೆ, ಮಿರ್ಚಿ-ಮಂಡಕ್ಕಿ ಅಂಗಡಿಗೆ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ತುಂಬು ಬಿಡಿಸುವ, ಅಂದರೆ ತೊಟ್ಟು ಮುರಿಯುವ ಹೆಂಗಸರಿಗೆ ಕೆಲಸ. ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಬಂದು, ಕೆಂಪು ರಾಶಿಯ ಪಕ್ಕ ಚೀಲ ಹಾಸಿ ಕೂರುತ್ತಾರೆ. ಮೂಗು-ಬಾಯಿಗೆ ಸೆರಗು, ಬೆರಳಿಗೆ ಹರಿದ ಬಟ್ಟೆಯ ಸುತ್ತು. ನಾನು ಹತ್ತಿರ ನಿಂತು ಎರಡು ನಿಮಿಷವಾಗುವಷ್ಟರಲ್ಲಿ ಸೀನು ಶುರುವಾಯಿತು. ಅಜ್ಜಿಯೊಬ್ಬರು ನಕ್ಕು, ‘ಯಣ್ಣಾ, ದೂರ ನಿಂದರ‍್ರಿ, ನಿಮಗ ರೂಢಿಲ್ಲ’ ಅಂದರು. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದರೆ, ‘ಮಗಳ ಮದಿವಿ ಮಾಡಿದ್ದು ಇದರಾಗ, ಮೊಮ್ಮಗಳ ಕಾಲೇಜೂ ಇದರಾಗ’ ಎಂದರು. ಕೈ ಮಾತ್ರ ನಿಲ್ಲಲಿಲ್ಲ.

ಸುಖದ ಕೆಲಸ ಅಂತ ನಾನು ಹೇಳುತ್ತಿಲ್ಲ. ಘಾಟು, ಕೆಮ್ಮು, ಕೂಲಿಯ ಕಿರಿಕಿರಿ ಎಲ್ಲವೂ ಇದೆ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳದೆ, ಹೊಲ ಕಿತ್ತುಕೊಳ್ಳದೆ, ರಾತ್ರಿ ತನ್ನ ಮನೆಯಲ್ಲೇ ಮಲಗುವಂತೆ ಸಾವಿರಾರು ಹೆಂಗಸರಿಗೆ ಕೂಲಿ ಕೊಡುವ ಊರು ಅದು. ಅಂಥ ಊರಿಗೆ ಸರ್ಕಾರ ಕೊಟ್ಟ ಯೋಜನೆ ಏನು? ಅದರ ಮುಖ್ಯರಸ್ತೆಯನ್ನು ಅಗಲ ಮಾಡುವ ಜಗಳವೇ ವರ್ಷಗಟ್ಟಲೆ ಎಳೆಯಿತು. 2024ರ ಮಾರ್ಚ್ 11ರಂದು ದರ ಕುಸಿದು ರೈತರು ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದಾಗ ಬೆಂಗಳೂರಿನ ಚಾನೆಲ್‌ಗಳಿಗೆ ಬ್ಯಾಡಗಿ ನೆನಪಾಯಿತು. ಮರುವಾರ ಮರೆತರು. ತಿಪಟೂರಿನ ಕೊಬ್ಬರಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗ, ಎಲ್ಲ ಕಡೆಯೂ ಇಂಥ ಊರುಗಳೇ. ಒಳಚರಂಡಿ ಇಲ್ಲ, ಗೋದಾಮು ಸಾಲದು, ಹೆಂಗಸರಿಗೆ ಒಂದು ಶೌಚಾಲಯವಿಲ್ಲ, ಮಗು ಮಲಗಿಸಲು ನೆರಳಿಲ್ಲ. ಊರು ಕಟ್ಟುವ ಉಮೇದು ಇರುವವರು ಇಲ್ಲಿಂದ ಶುರುಮಾಡಲಿ. ಏಳು ಸಾವಿರ ಎಕರೆ ಬೇಕಿಲ್ಲ, ಎಪ್ಪತ್ತು ಸಾಕು.

ಮಂಡ್ಯ ಹೀಗೇ ಬೆಳೆದದ್ದು. ಮೊದಲು ನಾಲೆಯ ನೀರು ಬಂತು, ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಸಕ್ಕರೆ ಕಾರ್ಖಾನೆ. ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಬೆನ್ನು ಹತ್ತಿ ಮಾಡಿಸಿದ ಕೆಲಸ. ಗಾಡಿ, ಲೇತು, ಹೋಟೆಲು, ಬ್ಯಾಂಕು, ಕಾಲೇಜು ಒಂದೊಂದಾಗಿ ಸೇರಿ, 1939ರ ಹೊತ್ತಿಗೆ ಅದು ಜಿಲ್ಲೆಯೇ ಆಯಿತು. ಹೊಲ ಮತ್ತು ಕಾರ್ಖಾನೆ ಒಂದಕ್ಕೊಂದು ಬೇಕಾಗಿದ್ದವು. ಆ ಕಾರ್ಖಾನೆಯನ್ನು ನಾವು ಆಮೇಲೆ ನಡೆಸಿದ ಚಂದ ಬೇರೆ ಕತೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಂಡೇ ಬರೆಯಬೇಕು.

ಈಗ ನನ್ನ ಹಳೆಯ ರಾಗಕ್ಕೆ ಬರುತ್ತೇನೆ. ‘ನೀವು ಯಾವ ವಿಷಯ ಬರೆದರೂ ಕೊನೆಗೆ ಬಸ್ಸಿಗೆ ಬರುತ್ತೀರಿ’ ಎಂದು ಓದುಗರು ರೇಗಿಸುತ್ತಾರೆ. ಬರುತ್ತೇನೆ, ಯಾಕೆಂದರೆ ಬಸ್ಸು ಬರುವುದಿಲ್ಲ.

ತುಮಕೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ, ಹೆಸರು ಬೇಡ. ನಮ್ಮ ದೂರದ ಸಂಬಂಧದ ಹುಡುಗಿಯೊಬ್ಬಳು ಹೊಲಿಗೆ ಕಲಿತು ಅಲ್ಲಿನ ಗಾರ್ಮೆಂಟ್ಸ್‌ಗೆ ಸೇರಿದಳು. ಮನೆಯಿಂದ ಹದಿನೆಂಟು ಕಿಲೋಮೀಟರ್. ಸಂಬಳ ಬೆಂಗಳೂರಿಗಿಂತ ಕಡಿಮೆ, ಆದರೂ ಬಾಡಿಗೆ ಇಲ್ಲ, ಊಟ ಮನೆಯದು, ಒಟ್ಟಿನಲ್ಲಿ ಲಾಭವೇ. ಪಾಳಿ ಬಿಡುವುದು ಆರೂವರೆಗೆ. ಅವಳೂರಿನ ಕೊನೆ ಬಸ್ಸು ಆರು ಗಂಟೆಗೆ. ಅಷ್ಟೇ ಸಮಸ್ಯೆ. ಅಪ್ಪ ಕೆಲವು ತಿಂಗಳು ಬೈಕಿನಲ್ಲಿ ಕರೆತಂದರು; ಮಳೆಗಾಲದಲ್ಲಿ ಒಂದು ರಾತ್ರಿ ಹಳ್ಳದ ತಿರುವಿನಲ್ಲಿ ಇಬ್ಬರೂ ಬಿದ್ದರು. ಅಲ್ಲಿಗೆ ನಿಂತಿತು. ಡಿಪೋಗೆ ನಾನೇ ಹೋಗಿ, ಬಸ್ಸನ್ನು ಮುಕ್ಕಾಲು ಗಂಟೆ ತಡವಾಗಿ ಬಿಡಿ ಎಂದು ಅರ್ಜಿ ಕೊಟ್ಟೆ. ‘ಆ ರೂಟಲ್ಲಿ ಕಲೆಕ್ಷನ್ ಇಲ್ಲ ಸಾರ್’ ಎಂದರು ಅಲ್ಲಿನ ಸಾಹೇಬರು. ಬಸ್ಸು ಹೊರಟ ಮೇಲೆ ಜನ ಬಂದರೆ ಕಲೆಕ್ಷನ್ ಹೇಗೆ ಆಗಬೇಕು ಎಂದೆ. ‘ಅದು ಡಿವಿಷನ್ನಿನವರು ನೋಡ್ಬೇಕು’ ಎಂದರು. ಹುಡುಗಿ ಈಗ ಬೆಂಗಳೂರಿನ ಲಗ್ಗೆರೆಯಲ್ಲಿ ನಾಲ್ವರೊಂದಿಗೆ ಒಂದು ಕೋಣೆಯಲ್ಲಿದ್ದಾಳೆ, ಅದೇ ಹೊಲಿಗೆ. ಅಂಕಿಅಂಶದಲ್ಲಿ ಅವಳು ‘ಗ್ರಾಮೀಣ ಉದ್ಯೋಗದ ಕೊರತೆಯಿಂದ ವಲಸೆ’. ಉದ್ಯೋಗದ ಕೊರತೆ ಇರಲೇ ಇಲ್ಲ ಸ್ವಾಮಿ, ಇದ್ದದ್ದು ಮೂವತ್ತು ನಿಮಿಷದ ಕೊರತೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಮೂಗು ಮುರಿದವರಲ್ಲಿ ಅರ್ಥಶಾಸ್ತ್ರ ಓದಿದವರೇ ಹೆಚ್ಚು. ನನಗೆ ಕೇಳಿದರೆ, ಈಚೆಗೆ ಹಳ್ಳಿಯ ಹೆಂಗಸರ ಕೈಗೆ ಕೆಲಸ ಹತ್ತಿರ ತಂದ ಯೋಜನೆ ಅದೊಂದೇ. ಟಿಕೆಟ್ ಏನೋ ಬಿಟ್ಟಿಯಾಯಿತು. ಬಿಟ್ಟಿ ಹತ್ತಲು ಬಸ್ಸೂ ಬೇಕಲ್ಲ?

ಅಬ್ದುಲ್ ಕಲಾಂ ಅವರೂ ನನ್ನ ಪಕ್ಷವೇ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬ. ಹಳ್ಳಿಗೇ ಪಟ್ಟಣದ ಸೌಲಭ್ಯ ತರುವ ಅವರ ‘ಪುರ’ ಕಲ್ಪನೆಯಲ್ಲಿ ಹಳ್ಳಿಗಳ ಗೊಂಚಲು ಇತ್ತು, ಗೊಂಚಲನ್ನು ಸುತ್ತಿ ಬರುವ ರಸ್ತೆ ಇತ್ತು, ಬಸ್ಸಿತ್ತು. ಶಾಲೆ, ಆಸ್ಪತ್ರೆ, ಮಾರುಕಟ್ಟೆ ಹಂಚಿಕೆಯಾಗಿದ್ದವು. ಅದನ್ನು ಸರ್ಕಾರಗಳು ಒಮ್ಮೆ ಖಾಸಗಿಯವರಿಗೆ ಕೊಟ್ಟು ನೋಡಿದವು, 2016ರಲ್ಲಿ ‘ರರ್ಬನ್ ಮಿಷನ್’ ಎಂದು ಹೊಸ ಅಂಗಿ ತೊಡಿಸಿ ದೇಶಕ್ಕೆ ಮುನ್ನೂರು ಗೊಂಚಲು ಎಂದವು. ನಿಮ್ಮ ಪಕ್ಕದ ಮನೆಯವರನ್ನು ರರ್ಬನ್ ಅಂದರೇನು ಎಂದು ಕೇಳಿ ನೋಡಿ. ಸಾಬೂನಿನ ಹೆಸರು ಅಂದುಕೊಂಡಾರು.

ಹಳ್ಳಿ ಮತ್ತು ಪಟ್ಟಣವನ್ನು ಒಟ್ಟಿಗೆ ಕೂರಿಸಿ ಯೋಜನೆ ಮಾಡಲೆಂದೇ ಸಂವಿಧಾನದಲ್ಲಿ 243 ಝಡ್‌ಡಿ ವಿಧಿ ಇದೆ, ಜಿಲ್ಲಾ ಯೋಜನಾ ಸಮಿತಿ ಅಂತ. ಜಿಲ್ಲೆಯಲ್ಲಿ ಯಾವ ಸಂತೆಗೆ ಗೋದಾಮು, ಯಾವ ಪಟ್ಟಣಕ್ಕೆ ಐಟಿಐ, ಯಾವ ಪಾಳಿಗೆ ಯಾವ ಬಸ್ಸು, ಎಲ್ಲ ಅಲ್ಲಿ ಕೂತು ಜಗಳವಾಡಬೇಕು. ಜಗಳವಾಡಲು ಆಯ್ಕೆಯಾಗಿ ಬಂದವರು ಇರಬೇಕಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದ ರಾಜ್ಯ ನಮ್ಮದು. ಈ ಒಂದು ಪಾಪದಲ್ಲಿ ಬಿಜೆಪಿ, ಕಾಂಗ್ರೆಸ್ ಎರಡಕ್ಕೂ ಸಮಪಾಲು. ಹೀಗಾಗಿ ತಾಲ್ಲೂಕು ಕೇಂದ್ರದ ‘ಮಾಸ್ಟರ್ ಪ್ಲಾನ್’ ಎಂದರೆ ಗೋಡೆಗೆ ಅಂಟಿಸಿದ ಒಂದು ನಕ್ಷೆ. ಹಸಿರು ಬಣ್ಣ ಹಳದಿಯಾದ ಕಡೆ ಯಾರ ಲೇಔಟ್ ಎದ್ದಿದೆ ಎಂದು ಚಹಾದಂಗಡಿಯವನನ್ನು ಕೇಳಿದರೂ ಹೇಳುತ್ತಾನೆ.

ಆ ಹುಡುಗಿಯ ತಾಲ್ಲೂಕು ಕೇಂದ್ರದಲ್ಲಿ ಮಾತ್ರ ಅಭಿವೃದ್ಧಿ ನಿಂತಿಲ್ಲ. ಹೈಟೆಕ್ ಬಸ್ ನಿಲ್ದಾಣವಾಗಿದೆ. ಗ್ರಾನೈಟ್ ನೆಲ, ಬೀಗ ಹಾಕಿದ ಶೌಚಾಲಯ, ಬಾಡಿಗೆಗೆ ಹೋಗದ ಮಳಿಗೆಗಳು. ಉದ್ಘಾಟನೆಯ ಕಲ್ಲಿನ ಮೇಲೆ ಹತ್ತೊಂಬತ್ತು ಹೆಸರಿವೆ. ಸಂಜೆ ಆರರ ಮೇಲೆ ಹಳ್ಳಿಗಳ ಕಡೆ ಹೊರಡುವ ಬಸ್ಸು ಎರಡು. ಆ ಹತ್ತೊಂಬತ್ತು ಜನರಲ್ಲಿ ಉದ್ಘಾಟನೆಗೆ ಬಸ್ಸಿನಲ್ಲಿ ಬಂದವರು ಒಬ್ಬರೂ ಇರಲಿಲ್ಲ.