ಮನೆಮಂದಿಗೆ ಕಂಪ್ಯೂಟರ್: ಗೇಣುದ್ದ ಮೀರಿದ ಕಾರ್ಡುಗಳು



ಅಟ್ಟದ ಮೇಲೋ ಶಾಲೆಯ ಸಾಮಾನು ಕೋಣೆಯಲ್ಲೋ ಬಿದ್ದಿರುವ ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದರೆ ಮಕ್ಕಳು ಬೆರಗಿನಿಂದ ನೋಡುವುದು ಒಂದು ವಸ್ತುವನ್ನು. ಶಾಲೆಯ ಒಂದಡಿ ಸ್ಕೇಲಿಗಿಂತಲೂ ಉದ್ದವಾದ ಹಲಗೆ, ಅದರ ತುಂಬ ಕಪ್ಪು ಚಿಪ್ಪುಗಳ ಸಾಲು. ಇದಕ್ಕೆ ಎಕ್ಸ್‌ಪಾನ್ಷನ್ ಕಾರ್ಡು ಎಂದು ಹೆಸರು. ಇಂದು ಬೆರಳ ತುದಿಯಷ್ಟು ಚಿಪ್ಪು ಮಾಡುವ ಕೆಲಸಕ್ಕೆ ಅಂದು ಅಷ್ಟು ದೊಡ್ಡ ಹಲಗೆ ಏಕೆ ಬೇಕಾಯಿತು? ಇದನ್ನು ತಿಳಿಯೋಣ. ಜೊತೆಗೆ, ಆ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ನೋಡಬೇಕಾದ ಒಂದು ಮುಖ್ಯ ವಿಷಯವೂ ಇದೆ.

ಬರಿಗೈಯಲ್ಲಿ ಬಂದ ಯಂತ್ರ

ಐಬಿಎಂ ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರ್ ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅದರ ಮದರ್ ಬೋರ್ಡಿನಲ್ಲಿ ಕೀಲಿಮಣೆಗೆ ಮತ್ತು ಕ್ಯಾಸೆಟ್ ಟೇಪಿಗೆ ಮಾತ್ರ ಜಾಗವಿತ್ತು. ಪರದೆಗೆ ಒಂದು ಕಾರ್ಡು, ಫ್ಲಾಪಿಗೆ ಇನ್ನೊಂದು, ಮೋಡೆಮ್‌ಗೆ ಮತ್ತೊಂದು, ಹೆಚ್ಚಿನ ಮೆಮೊರಿಗೆ ಮಗದೊಂದು ಬೇಕಿತ್ತು. ಆದರೆ ಇದ್ದ ಸ್ಲಾಟುಗಳು ಐದೇ. ಗಡಿಯಾರವೂ ಇರಲಿಲ್ಲ, ಯಂತ್ರ ಚಾಲೂ ಮಾಡಿದಾಗಲೆಲ್ಲ ತಾರೀಕು, ಗಂಟೆಯನ್ನು ಕೈಯಿಂದಲೇ ಬೆರಳಚ್ಚು ಮಾಡಬೇಕಿತ್ತು.

ಹೀಗಾಗಿ ಒಂದೇ ಕಾರ್ಡಿನಲ್ಲಿ ಹಲವು ಕೆಲಸ ತುಂಬುವ ಉಪಾಯ ಹುಟ್ಟಿತು. ಇದರಲ್ಲಿ ಹೆಸರಾದದ್ದು ಎಎಸ್‌ಟಿ ಕಂಪನಿಯ ಸಿಕ್ಸ್‌ಪ್ಯಾಕ್ ಪ್ಲಸ್. ಆಲ್ಬರ್ಟ್, ಸಫಿ, ಥಾಮಸ್ ಎಂಬ ಮೂವರು ಗೆಳೆಯರ ಹೆಸರಿನ ಮೊದಲಕ್ಷರಗಳೇ ಕಂಪನಿಯ ಹೆಸರು. ಸಫಿ ಖುರೇಷಿ ಪಾಕಿಸ್ತಾನದಿಂದ, ಉಳಿದಿಬ್ಬರು ಹಾಂಗ್‌ಕಾಂಗಿನಿಂದ ಅಮೆರಿಕಕ್ಕೆ ಬಂದವರು. ಅವರ ಕಾರ್ಡಿನಲ್ಲಿ 384 ಕಿಲೋಬೈಟ್ ವರೆಗೆ ಮೆಮೊರಿ, ಪ್ರಿಂಟರ್ ಜೋಡಣೆ, ಮೋಡೆಮ್ ಜೋಡಣೆ, ಬ್ಯಾಟರಿಯಿಂದ ನಡೆಯುವ ಗಡಿಯಾರ ಎಲ್ಲವೂ ಇದ್ದವು.

ಉದ್ದದ ಗುಟ್ಟು ಇಲ್ಲೇ ಇದೆ. ಆಗಿನ ಒಂಬತ್ತು ಚಿಪ್ಪು ಸೇರಿದರೆ 64 ಕಿಲೋಬೈಟ್: ಎಂಟು ಚಿಪ್ಪು ಮಾಹಿತಿಗೆ, ಒಂಬತ್ತನೆಯದು ತಪ್ಪು ಹಿಡಿಯುವುದಕ್ಕೆ. 384 ಕಿಲೋಬೈಟಿಗೆ ಇಂಥ ಆರು ಸಾಲು, ಅಂದರೆ 54 ಚಿಪ್ಪು! ಇಂದಿನ ಮೊಬೈಲಿನ ಒಂದು ಫೋಟೊ ಹಿಡಿಸಲೂ ಸಾಲದ ಮೆಮೊರಿಗೆ ಅಷ್ಟು ಜಾಗ.

ಪೂರ್ಣ ಉದ್ದದ ಕಾರ್ಡು ಸುಮಾರು 13 ಅಂಗುಲ, ಎಂದರೆ ಹತ್ತಿರ ಹತ್ತಿರ ಒಂದೂವರೆ ಗೇಣು. ಅದು ಬಾಗದಿರಲೆಂದು ಪೆಟ್ಟಿಗೆಯ ಮುಂಭಾಗದಲ್ಲಿ ಪ್ಲಾಸ್ಟಿಕ್ ಹಿಡಿಕೆ ಇರುತ್ತಿತ್ತು. 1983ರ ಎಕ್ಸ್‌ಟಿ ಮಾದರಿಯಲ್ಲಿ ಸ್ಲಾಟುಗಳು ಎಂಟಾದವು. ಆದರೆ ಎರಡಕ್ಕೆ ಡಿಸ್ಕ್ ಡ್ರೈವ್ ಅಡ್ಡ ಬಂದು ಗಿಡ್ಡ ಕಾರ್ಡು ಮಾತ್ರ ಹಿಡಿಸುತ್ತಿತ್ತು. 1984ರ ಎಟಿ ಮಾದರಿಯ ಕಾರ್ಡುಗಳು ಎತ್ತರದಲ್ಲೂ ಬೆಳೆದವು. ಅವನ್ನು ಹಳೆಯ ಪೆಟ್ಟಿಗೆಗೆ ಸಿಕ್ಕಿಸಿದರೆ ಮುಚ್ಚಳ ಮುಚ್ಚುತ್ತಿರಲಿಲ್ಲ.

ಅಕ್ಷರಕ್ಕಾಗಿ ಒಂದು ಕಾರ್ಡು

ದೊಡ್ಡ ಕಾರ್ಡುಗಳ ಹಿಂದೆ ಭಾಷೆಯ ಪ್ರೀತಿಯೂ ಇತ್ತು. ಥಾಯ್ಲೆಂಡಿನ ವಾನ್ ಸುವನ್ನುಕುಲ್ ಎಂಬವರಿಗೆ ಥಾಯ್ ಲಿಪಿಯಲ್ಲಿ ತಮ್ಮ ಪ್ರಬಂಧ ಬರೆಯಬೇಕಿತ್ತು. ಐಬಿಎಂ ಪರದೆಯಲ್ಲಿ ಅದು ಸಾಧ್ಯವಾಗಲಿಲ್ಲ. ಅವರು ತಾವೇ ರೂಪಿಸಿದ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು 1982ರಲ್ಲಿ ಬಂದು ಲೋಕಪ್ರಸಿದ್ಧವಾಯಿತು.

ನಮ್ಮ ದೇಶದಲ್ಲೂ ಇಂಥ ಕಾರ್ಡು ಬಂತು. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ 'ಜಿಸ್ಟ್' ಕಾರ್ಡನ್ನು ಹೊರತಂದಿತು. ಡಾಸ್ ಕಾಲದ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು ಚಿಪ್ಪಿನಲ್ಲೇ ಕೂತಿರುತ್ತಿತ್ತು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಿಗೆ ಅಲ್ಲಿ ಎಡೆಯಿರಲಿಲ್ಲ. ಆ ಜೋಡಣೆಯನ್ನು ಜಿಸ್ಟ್ ಕಾರ್ಡು ತಾನೇ ಮಾಡುತ್ತಿತ್ತು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಸ್ಕಿ ಎಂಬ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ 'ಕ' ಅಕ್ಷರಕ್ಕೆ ಕನ್ನಡ, ಮಲಯಾಳ, ತಮಿಳು, ತೆಲುಗು, ದೇವನಾಗರಿ ಎಲ್ಲದರಲ್ಲೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಕಾಸರಗೋಡಿನ ಒಂದು ಹೆಸರು ಕನ್ನಡದಿಂದ ಮಲಯಾಳ ಅಕ್ಷರಕ್ಕೆ ತಾನಾಗಿ ತಿರುಗುತ್ತಿತ್ತು. ಮುಂದೆ ವಿಂಡೋಸ್ ಬಂದು ಈ ಕೆಲಸ ತಂತ್ರಾಂಶದ ಪಾಲಾಯಿತು. ಕಾರ್ಡು ಮೂಲೆ ಸೇರಿತು.

ದೊಡ್ಡ ಕಾರ್ಡು ಮತ್ತೆ ಬಂತು

ಚಿಪ್ಪು ಸಣ್ಣದಾದಂತೆ ಕಾರ್ಡೂ ಗಿಡ್ಡವಾಯಿತು. ಹಲವು ಕಾರ್ಡುಗಳ ಕೆಲಸ ಮದರ್ ಬೋರ್ಡಿಗೇ ಸೇರಿತು. ಆದರೆ 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡಿನ ಉದ್ದ 304 ಮಿಲಿಮೀಟರ್. ಮೂರು ಸ್ಲಾಟಿನ ಜಾಗ ಅದಕ್ಕೇ ಬೇಕು. ಈಗಿನ ದೊಡ್ಡತನ ಚಿಪ್ಪುಗಳ ಸಂಖ್ಯೆಯಿಂದಲ್ಲ, ಬಿಸಿ ಆರಿಸುವ ಲೋಹದ ಪಟ್ಟಿ ಮತ್ತು ಫ್ಯಾನುಗಳಿಂದ. ಆ ಒಂದು ಕಾರ್ಡು 450 ವಾಟ್ ವಿದ್ಯುತ್ ಎಳೆಯುತ್ತದೆ. 1981ರ ಇಡೀ ಐಬಿಎಂ ಯಂತ್ರದ ಪವರ್ ಸಪ್ಲೈ 63.5 ವಾಟಿನದು!

ಗುಜರಿಗೆ ಮೊದಲು

ಈಗ ಮುಖ್ಯ ವಿಷಯ. ನಿಮ್ಮಲ್ಲಿರುವ ಹಳೆಯ ಯಂತ್ರದಲ್ಲಿ ಜಿಸ್ಟ್ ಕಾಲದ ಕನ್ನಡ ಬರಹ ಉಳಿದಿರಬಹುದು: ಸಂಘದ ಲೆಕ್ಕ, ಶಾಲೆಯ ಪಟ್ಟಿ, ಹಿರಿಯರು ಬರೆದ ನಾಟಕ. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಅದು ಅರ್ಥವಿಲ್ಲದ ಗುರುತುಗಳಂತೆ ಕಾಣುತ್ತದೆ. ಹಾಳಾಗಿದೆ ಎಂದು ಅಳಿಸಬೇಡಿ. ಇಸ್ಕಿಯಿಂದ ಯೂನಿಕೋಡ್‌ಗೆ ಬದಲಿಸಿದರೆ ಅದೇ ಬರಹ ಓದಲು ಸಿಗುತ್ತದೆ. ಆದ್ದರಿಂದ ಮೊದಲು ಕಡತಗಳ ಪ್ರತಿ ತೆಗೆಸಿರಿ.

ಯಂತ್ರ ಚಾಲೂ ಆಗದಿದ್ದರೆ ಬಲ್ಲವರನ್ನು ಕರೆಯಿರಿ. ಪ್ಲಗ್ ಕಿತ್ತ ಮೇಲೆ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ, ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಎತ್ತಬೇಕು. ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಬಿಸಿ–ತಣ್ಣನೆಯಿಂದ ಸಡಿಲಗೊಂಡ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದರೂ ಸಾಕಾಗುವುದುಂಟು. ಹಳೆಯ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ಪ್ರತಿ ತೆಗೆದ ಮೇಲೂ ಹಿತ್ತಲಲ್ಲಿ ಸುಡಬೇಡಿ. ಬೆಸುಗೆಯಲ್ಲಿ ಸೀಸವಿದೆ, ಹೊಗೆ ಮಕ್ಕಳಿಗೆ ವಿಷ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು. ಹಲಗೆ ಹೋದರೂ ಹಿರಿಯರ ಅಕ್ಷರ ಮನೆಯಲ್ಲೇ ಉಳಿಯಲಿ.