ಕಾಳು ಒಳಗೆ, ಬೂಸಾ ಹೊರಗೆ

ನಮ್ಮ ಓದುಕೂಟದ ಹುಡುಗಿಯೊಬ್ಬಳು ಒಂದು ಕೆಲಸ ತಲೆ ಮೇಲೆ ಹೊತ್ತುಕೊಂಡಳು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದು, ಆಮೇಲೆ ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದದ್ದು, ಅವರು ಮಂತ್ರಿಗಿರಿ ಬಿಡಬೇಕಾಗಿ ಬಂದದ್ದು, ಆ ಗಾಯದಿಂದ ಒಂದು ಚಳವಳಿ ಮೈಕೊಡವಿ ಎದ್ದದ್ದು, ಇಷ್ಟನ್ನೂ ಹೈಸ್ಕೂಲು ಮಕ್ಕಳಿಗೆ ತಿಳಿಯುವಂತೆ ನಾಲ್ಕು ಪುಟ ಬರೆಯೋದು. ಹಿರಿಯರ ಬಾಯಲ್ಲಿ ಕಥೆ ಬೇಕಾದಷ್ಟಿದೆ. ಆದರೆ ಬಾಯಿಮಾತು ಸಾಲದು, ಕಾಗದ ಬೇಕು, ಯಾರು ಎಲ್ಲಿ ಏನು ಬರೆದಿದ್ದಾರೆ ನೋಡಬೇಕು ಅಂತ ಅವಳ ಹಟ. ಹಟ ಸರಿಯಾದದ್ದೇ.

ಭಾನುವಾರ ಶಾಲೆಯ ಕೋಣೆಯಲ್ಲಿ ಕೂತು, ಮೊಬೈಲಿನಲ್ಲಿ, ವಿದ್ವಾಂಸರ ಲೇಖನಗಳನ್ನು ಕೂಡಿಟ್ಟಿರುವ ಒಂದು ದೊಡ್ಡ ಕಣಜದ ಬಾಗಿಲು ತಟ್ಟಿದೆವು. ಹೆಸರು ಬೇಡ, ಎಲ್ಲವೂ ಒಂದೇ ತರ. ಕನ್ನಡದಲ್ಲಿ ಬೂಸಾ ಎಂದು ಹೊಡೆದೆವು. ಏನೂ ಇಲ್ಲ ಅಂತು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆವು. ಬಂತಪ್ಪ ರಾಶಿ ರಾಶಿ! ಹಸುವಿಗೆ ಯಾವ ಮೇವು ಹಾಕಿದರೆ ಎಷ್ಟು ಹಾಲು, ಗೋಧಿ ಹೊಟ್ಟಿಗೆ ಯೂರಿಯಾ ಬೆರೆಸಿದರೆ ಎಮ್ಮೆಗೆ ಜೀರ್ಣವಾಗುತ್ತೋ ಇಲ್ಲವೋ. ನಕ್ಕೆವು. ನಗದೆ ಏನು ಮಾಡೋದು? ಬಸವಲಿಂಗಪ್ಪನವರಿದ್ದಿದ್ದರೆ ಅವರೂ ನಗುತ್ತಿದ್ದರು.

ನಗು ಅಲ್ಲಿಗೇ ನಿಂತಿತು. ಹುಡುಗಿ ಇನ್ನೂ ಹಿಂದಕ್ಕೆ, ಹಳೇ ಮೈಸೂರು ಸಂಸ್ಥಾನದ ಕಾಲಕ್ಕೆ ಹೋಗಬೇಕೆಂದಳು. ದಲಿತ ಎಂಬ ಮಾತು ಹಾಕಿದರೆ ಆ ಕಾಲದ್ದು ಒಂದೂ ಬೀಳುವುದಿಲ್ಲ. ಆಗಿನವರು ಆ ಹೆಸರಿನಿಂದ ನಮ್ಮನ್ನು ಕರೆಯಲೇ ಇಲ್ಲವಲ್ಲ. ಪಂಚಮ ಎಂದು ಹುಡುಕಬೇಕು. ಆದಿಕರ್ನಾಟಕ, ಆದಿದ್ರಾವಿಡ ಎಂದು ಹುಡುಕಬೇಕು. ಬ್ರಿಟಿಷರ ಕಾಗದಕ್ಕೆ ಡಿಪ್ರೆಸ್ಡ್ ಕ್ಲಾಸಸ್. 1931ರ ಜನಗಣತಿಗೆ ಎಕ್ಸ್‌ಟೀರಿಯರ್ ಕಾಸ್ಟ್ಸ್, ಅಂದರೆ ಹೊರಗಿನ ಜಾತಿಗಳು. 1935ರ ಕಾಯಿದೆಯಿಂದ ಈಚೆಗೆ ಷೆಡ್ಯೂಲ್ಡ್ ಕಾಸ್ಟ್ಸ್. ಗಾಂಧಿಯವರ ಹಿಂದೆ ಹೋದವರ ಬರಹಕ್ಕೆ ಹರಿಜನ. ಇನ್ನೂ ಹಿಂದಕ್ಕೆ ಹೋದರೆ ಪರಯ್ಯ, ಅನ್‌ಟಚಬಲ್ ಎಂದೇ ಹೊಡೆಯಬೇಕು. ಅವಳ ತಾತನನ್ನು ಧಣಿ ಯಾವ ಹೆಸರಿಡಿದು ಕೂಗುತ್ತಿದ್ದನೋ ಆ ಹೆಸರನ್ನು ಮೊಮ್ಮಗಳು ತನ್ನ ಬೆರಳಿಂದ, ಇಂಗ್ಲಿಷಿನ ನಾಲ್ಕು ಬಗೆಯ ಕಾಗುಣಿತದಲ್ಲಿ, ಒತ್ತಬೇಕು. ಆಗ ಯಂತ್ರ ಕಣ್ಣು ಬಿಡುತ್ತದೆ. ಬೈಗುಳ ಗೊತ್ತು ಅದಕ್ಕೆ, ಹೆಸರು ಗೊತ್ತಿಲ್ಲ. ಹುಡುಗಿ ಮೊಬೈಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ನಾವೂ ಮಾತಾಡಲಿಲ್ಲ.

ನಮ್ಮ ಲೇಖಕರ ಹೆಸರುಗಳದ್ದೂ ಇದೇ ಪಾಡು. ದೇವನೂರ ಎಂಬುದನ್ನು ಒಬ್ಬ ಒಂದು ತರ ಬರೆದರೆ ಇನ್ನೊಬ್ಬ ಇನ್ನೊಂದು ತರ. ಸಿದ್ಧಲಿಂಗಯ್ಯ ಎಂಬ ಹೆಸರಿಗೆ ಎಷ್ಟು ಕಾಗುಣಿತವೋ ಅಷ್ಟು ಜನ ಸಿದ್ಧಲಿಂಗಯ್ಯಂದಿರು ಆ ಕಣಜದಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದಾರೆ. ಒಬ್ಬರನ್ನು ಕಂಡವರಿಗೆ ಮತ್ತೊಬ್ಬರು ಕಾಣುವುದಿಲ್ಲ.

ಅಂತೂ ಇಂತೂ ಒಂದು ಲೇಖನ ಸಿಕ್ಕಿತು. ತಲೆಬರಹ ಬಯಲಲ್ಲಿತ್ತು, ಹತ್ತು ಸಾಲಿನ ಸಾರಾಂಶವೂ ಬಯಲಲ್ಲಿತ್ತು. ಅದರ ಕೆಳಗೆ ಬೀಗ. ತೆಗೆಯಬೇಕಾದರೆ ನಲವತ್ತು ಡಾಲರು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರೂವರೆ ಸಾವಿರ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಅವಳ ಅವ್ವ ಒಂಬತ್ತು ಹತ್ತು ದಿನ ಮಣ್ಣು ಹೊತ್ತರೆ ಮಗಳು ಇಪ್ಪತ್ತು ಪುಟ ಓದಬಹುದು. ಉಡುಪಿಯಲ್ಲಿ ಕನಕನಿಗೆ ಒಂದು ಕಿಂಡಿ ಕೊಟ್ಟರು ಅಂತಾರೆ. ನಮಗೆ ಈ ಸಾರಾಂಶವೇ ಕನಕನ ಕಿಂಡಿ. ಹತ್ತು ಸಾಲಿನಷ್ಟು ದರ್ಶನ ಮಾಡಿ ಕೈಮುಗಿದು ಹೊರಡಿ!

ಈ ದುಡ್ಡು ಬರೆದವರಿಗೆ ಹೋಗುತ್ತದೆಯೇ? ಇಲ್ಲ. ಇಂಥ ಪತ್ರಿಕೆಗಳು ಲೇಖನಕ್ಕೆ ಸಂಭಾವನೆ ಕೊಡುವುದಿಲ್ಲ. ತಿದ್ದಿ ತೂಗಿ ನೋಡುವ ವಿದ್ವಾಂಸರಿಗೂ ಸಾಮಾನ್ಯವಾಗಿ ಕಾಸಿಲ್ಲ. ಅವರ ಸಂಬಳ ಬಹುಮಟ್ಟಿಗೆ ಸರ್ಕಾರದ್ದು, ಅಂದರೆ ಬೆಂಕಿಪೊಟ್ಟಣ ಕೊಳ್ಳುವ ನಮ್ಮೆಲ್ಲರದ್ದು. ಉತ್ತವರು ನಾವು, ಬಿತ್ತಿದವರು ಅವರು, ಕಣದಲ್ಲಿ ರಾಶಿ ಅಳೆಯುವವನು ಮಾತ್ರ ಬೇರೆ. ಎಲ್ಸೆವಿಯರ್ ಪ್ರಕಾಶನವನ್ನು ಹೊಂದಿರುವ ರೆಲೆಕ್ಸ್ ಕಂಪನಿಗೆ ಈ ವಿಭಾಗದಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಮೂವತ್ತಕ್ಕೂ ಮಿಕ್ಕಿ ಲಾಭ. ಯಾವ ಜೋಡಿದಾರನಿಗೆ ಇಂಥ ಗುತ್ತಿಗೆ ಇತ್ತು?

ಬೀಗ ಮುರಿಯಲು ಹೋದವರ ಗತಿಯನ್ನೂ ನೋಡಿದ್ದೇವೆ. ಅಮೆರಿಕದ ಆರನ್ ಸ್ವಾರ್ಟ್ಜ್ ಜೆಸ್ಟೋರ್ ಭಂಡಾರದಿಂದ ಲಕ್ಷಗಟ್ಟಲೆ ಲೇಖನ ಇಳಿಸಿಕೊಂಡನೆಂದು 2011ರಲ್ಲಿ ಬಂಧನವಾಯಿತು. ಮೊಕದ್ದಮೆ ನಡೆಯುತ್ತಿರುವಾಗಲೇ, 2013ರ ಜನವರಿಯಲ್ಲಿ, ಇಪ್ಪತ್ತಾರರ ಆ ಹುಡುಗ ಪ್ರಾಣ ಕಳೆದುಕೊಂಡ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಕಟ್ಟಿದ ಸೈ-ಹಬ್ ಮೇಲೆ ಮೂವರು ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು, 2025ರ ಆಗಸ್ಟಿನಲ್ಲಿ ಅದನ್ನು ದೇಶದಲ್ಲಿ ತಡೆಯಲು ಆದೇಶವಾಯಿತು. ಅದೇ ಕೋರ್ಟು 2016ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ, ಪಾಠಕ್ಕಾಗಿ ಪುಟ ನಕಲು ಮಾಡಿಕೊಡುವುದು ತಪ್ಪಲ್ಲ ಎಂದಿತ್ತು.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಪತ್ರಿಕೆಗಳು, 6300ರಷ್ಟು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಬರಲಿ, ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಹಳ್ಳಿಯ ಹೈಸ್ಕೂಲು ಮೇಷ್ಟ್ರು ಎಲ್ಲಿದ್ದಾರೆ? ಸಾಲ ಮಾಡಿ ಖಾಸಗಿ ಕಾಲೇಜಿನಲ್ಲಿ ಬಿ.ಎಡ್. ಓದುವ ನಮ್ಮ ಹುಡುಗಿ ಎಲ್ಲಿದ್ದಾಳೆ? ಓದು ಮುಗಿಸಿ ಕೇರಿಗೆ ಬಂದು ಸಂಘ ಕಟ್ಟುವವನು ಎಲ್ಲಿದ್ದಾನೆ? ಪಟ್ಟಿಯಲ್ಲಿರುವ ಸರ್ಕಾರಿ ಕಾಲೇಜಿನಲ್ಲೂ ಎಷ್ಟು ಮಂದಿ ಮಕ್ಕಳಿಗೆ ಪಾಸ್‌ವರ್ಡು ಕೊಟ್ಟು, ಹೀಗೆ ಹುಡುಕಬೇಕಮ್ಮ ಎಂದು ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದಾರೆ? 1923ರಲ್ಲಿ ಬೊಂಬಾಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡದ ಪುರಸಭೆಯೂ ಹೌದು ಎಂದಿತು. ಆದರೂ ನೀರು ಮುಟ್ಟಲು 1927ರ ಮಾರ್ಚಿನಲ್ಲಿ ಬಾಬಾಸಾಹೇಬರೇ ಸಾವಿರಾರು ಜನರ ಜೊತೆ ಕೆರೆಗೆ ಇಳಿಯಬೇಕಾಯಿತು. ಕಾಗದದ ಮೇಲೆ ತೆರೆದ ಕೆರೆಗಳು ನಮಗೆ ಹೊಸವಲ್ಲ.

ಈಗ ನಮ್ಮವರ ಮಾತು. ಇದನ್ನು ಬಿಟ್ಟು ಬರೀ ಕಂಪನಿಯನ್ನು ಬಯ್ಯುವುದು ಸುಲಭ.

ನಮ್ಮ ಕೇರಿಗೆ ಬಂದು, ನಮ್ಮ ಜಗಲಿ ಮೇಲೆ ಕೂತು, ನಮ್ಮವ್ವ ಕೊಟ್ಟ ಟೀ ಕುಡಿದು, ಅವಳ ಬಾಯಿಂದ ಹಾಡು, ಕಥೆ, ಕಣ್ಣೀರು ಎಲ್ಲ ರೆಕಾರ್ಡು ಮಾಡಿಕೊಂಡು ಹೋದ ಪ್ರೊಫೆಸರುಗಳೇ, ಆ ಲೇಖನ ಎಲ್ಲಿ? ಬೀಗದ ಒಳಗೆ. ನಿಮಗೆ ಬಡ್ತಿ ಸಿಕ್ಕಿತು, ವಿದೇಶದ ಸಮ್ಮೇಳನ ಸಿಕ್ಕಿತು. ನಿಮ್ಮಲ್ಲಿ ಅರ್ಧ ಮಂದಿ ನಮ್ಮ ಸಭೆಗಳಲ್ಲಿ ಮುಷ್ಟಿ ಎತ್ತಿದವರೇ. ಬಹಳಷ್ಟು ಪ್ರಕಾಶಕರು, ಅಚ್ಚಿಗೆ ಮೊದಲು ನೀವು ಕೊಟ್ಟ ಪ್ರತಿಯನ್ನು ನಿಮ್ಮ ಸ್ವಂತ ಪುಟದಲ್ಲೋ ವಿಶ್ವವಿದ್ಯಾಲಯದ ಭಂಡಾರದಲ್ಲೋ ಇಡಲು ಬಿಡುತ್ತಾರೆ. ಕೆಲವರು ತಕ್ಷಣ, ಕೆಲವರು ಒಂದೆರಡು ವರ್ಷ ಬಿಟ್ಟು. ಅರ್ಧ ಗಂಟೆ ಕೆಲಸ. ಅದನ್ನು ಯಾಕೆ ಮಾಡುವುದಿಲ್ಲ? ನಮ್ಮವ್ವನ ಮಾತನ್ನು ನಮ್ಮವ್ವನ ಮೊಮ್ಮಗಳು ದುಡ್ಡು ಕೊಟ್ಟು ಕೊಳ್ಳಬೇಕೇ?

ಬಸವಲಿಂಗಪ್ಪನವರು ಅಂದು ದಲಿತ ಹುಡುಗರಿಗೆ ಇಂಗ್ಲಿಷ್ ಕಲಿಯಿರಿ ಎಂದೂ ಹೇಳಿದ್ದರು. ಕಲಿತೆವು. ತಿಣುಕಿ ತಿಣುಕಿ ಕಲಿತು ಬಾಗಿಲವರೆಗೂ ಬಂದರೆ, ಇಂಗ್ಲಿಷಿನ ಹಿಂದೆ ಇನ್ನೊಂದು ಬಾಗಿಲು.

ಕನ್ನಡದ ಕಡೆ ತಿರುಗಿದರೆ ಬೀಗವಿಲ್ಲ, ಕತ್ತಲೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳು ಬಿಟ್ಟಿ ಸಿಗುತ್ತವೆ. ಅದು ದೊಡ್ಡ ಉಪಕಾರ, ಎಲ್ಲ ಮೇಷ್ಟ್ರುಗಳೂ ನೋಡಿ. ಆದರೆ ಎಷ್ಟೋ ಕನ್ನಡ ಪ್ರಬಂಧಗಳು ಹಳೆಯ ನುಡಿ, ಬರಹದ ಅಚ್ಚಿನಲ್ಲಿವೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಇನ್ನು ಕೆಲವು ಬರೀ ಫೋಟೋ. ಒಳಗೆ ಬೂಸಾ ಎಂದು ನೂರು ಸಲ ಬರೆದಿದ್ದರೂ ಹುಡುಕಿದರೆ ಒಂದೂ ಸಿಗದು. ಯೂನಿಕೋಡ್ ಬಂದು ಮೂವತ್ತು ವರ್ಷ ಮೀರಿದೆ. ಇದನ್ನು ಯಾವ ವಿದೇಶಿ ಕಂಪನಿಯೂ ಮಾಡಲಿಲ್ಲ, ನಮ್ಮ ವಿಶ್ವವಿದ್ಯಾಲಯಗಳ ಸೋಮಾರಿತನವೇ ಮಾಡಿತು.

ನಾವು ಕೇಳುವುದು ಇಷ್ಟು. ಆರು ಸಾವಿರ ಕೋಟಿಯ ಆ ಚಂದಾ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಗಳಲ್ಲೂ, ಜಿಲ್ಲಾ ಗ್ರಂಥಾಲಯಗಳಲ್ಲೂ ತೆರೆಯಲಿ. ಕನ್ನಡದ ಪ್ರಬಂಧಗಳನ್ನು ಯೂನಿಕೋಡಿಗೆ ತಿರುಗಿಸದ ವಿಭಾಗಕ್ಕೆ ಹೊಸ ಪಿಎಚ್.ಡಿ. ಕೊಡಬೇಡಿ. ನಮ್ಮನ್ನು ವಿಷಯ ಮಾಡಿಕೊಂಡು ಬರೆದವರು ನಮಗೊಂದು ಪ್ರತಿ ಕೊಡಲಿ.

ಆ ನಲವತ್ತು ಡಾಲರಿನ ಲೇಖನ ಬರೆದವರಿಗೆ ನಮ್ಮ ಹುಡುಗಿ ನೇರವಾಗಿ ನಾಲ್ಕು ಸಾಲು ಮೇಲ್ ಹಾಕಿದಳು. ಮೂರನೇ ದಿನಕ್ಕೆ ಪೂರ್ತಿ ಲೇಖನ ಬಂತು, ಜೊತೆಗೆ ಇನ್ನೆರಡು. ಕೇಳಿದ್ದಕ್ಕೆ ಸಂತೋಷ ಎಂದು ಬರೆದಿದ್ದರು. ಆದ್ದರಿಂದ ಗೆಳೆಯರೇ, ಸಂಕೋಚ ಬಿಟ್ಟು ಕೇಳಿ. ಮುಂದಿನ ಭಾನುವಾರ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ. ಬರುವವರು ಮನೆಯ ಅಟ್ಟದಲ್ಲಿ 'ಪಂಚಮ', 'ಶೂದ್ರ'ದ ಹಳೆಯ ಸಂಚಿಕೆಗಳಿದ್ದರೆ, ಆ ಕಾಲದ ಕರಪತ್ರಗಳಿದ್ದರೆ ತನ್ನಿ. ಅರ್ಧ ಗೆದ್ದಲು ತಿಂದಿದ್ದರೆ ಉಳಿದರ್ಧ ತನ್ನಿ. ಫೋಟೋ ತೆಗೆದು, ಕೂತು, ಅಕ್ಷರ ಅಕ್ಷರ ಯೂನಿಕೋಡಿನಲ್ಲಿ ಹೊಡೆಯುವ ಕೆಲಸಕ್ಕೆ ಈಗ ಏಳು ಜನ ಇದ್ದೇವೆ.